ರಹೀಂ ಮಾಸ್ಟ್ರು: ಶಾಲೆಯ ಮೈದಾನದಿಂದ ಜಕಾರ್ತಾದ ಚಿನ್ನದವರೆಗೆ

ಅಜಯ್ ದೇವಗನ್ ನಟಿಸಿದ 'ಮೈದಾನ್' ಸಿನಿಮಾ 2024ರ ಎಪ್ರಿಲ್‌ನಲ್ಲಿ ತೆರೆಗೆ ಬಂದ ಮೇಲೆ ನಮ್ಮ ಹುಡುಗರ ಮೊಬೈಲ್‌ಗಳಲ್ಲಿ ಒಂದು ಹೆಸರು ಓಡಾಡತೊಡಗಿತು: ಸೈಯದ್ ಅಬ್ದುಲ್ ರಹೀಂ. ಭಾರತದ ಫುಟ್ಬಾಲ್ ತಂಡ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬಾರಿ ಚಿನ್ನ ಗೆದ್ದಿದೆ, ಒಮ್ಮೆ ಒಲಿಂಪಿಕ್ಸ್‌ನ ಸೆಮಿಫೈನಲ್ ಆಡಿದೆ, ಈ ಮೂರೂ ಸಲ ತಂಡದ ಕೋಚ್ ಒಬ್ಬರೇ ಆಗಿದ್ದರು ಅಂತ ಬಹಳ ಮಂದಿಗೆ ಗೊತ್ತಾದದ್ದೇ ಆ ಸಿನಿಮಾದಿಂದ. ಅದು ಒಳ್ಳೆಯದೇ. ಆದರೆ ಸಿನಿಮಾಕ್ಕೆ ದೊಡ್ಡ ಪಂದ್ಯ ಬೇಕು, ತುಂಬಿದ ಸ್ಟೇಡಿಯಂ ಬೇಕು, ಕೊನೆಯ ನಿಮಿಷದ ಎದೆಬಡಿತ ಬೇಕು. ರಹೀಂ ಸಾಹೇಬರ ಬದುಕಿನ ಬಹುಪಾಲು ಕಳೆದದ್ದು ಅಂಥ ಜಾಗದಲ್ಲಲ್ಲ. ಅದು ಕಳೆದದ್ದು ಹೈದರಾಬಾದಿನ ಶಾಲೆಗಳಲ್ಲಿ, ಬರಿಗಾಲಿನಲ್ಲಿ ಚೆಂಡು ಒದೆಯುತ್ತಿದ್ದ ಬಡ ಮಕ್ಕಳ ನಡುವೆ. ಅವರು ಮೊದಲು ಮಾಸ್ಟ್ರು, ಆಮೇಲೆ ಕೋಚ್. ಮೆಡಲ್‌ಗಳೆಲ್ಲ ಬಂದದ್ದು ಅದರ ನಂತರ.

ಇವತ್ತು ನಮ್ಮ ಊರುಗಳಲ್ಲಿ ಹೊನಲು ಬೆಳಕಿನ ಟೂರ್ನಮೆಂಟ್‌ಗಳಿಗೆ, ಆಳೆತ್ತರದ ಟ್ರೋಫಿಗಳಿಗೆ ಕೊರತೆ ಇಲ್ಲ. ಇರುವ ಕೊರತೆ ಎಂತದ್ದು ಅಂತ ತಿಳಿಯಬೇಕಾದರೆ ಈ ಮಾಸ್ಟ್ರ ಬದುಕನ್ನೊಮ್ಮೆ ನೋಡಬೇಕು.

ಶಾಲೆಯ ಮಾಸ್ಟ್ರು

ರಹೀಂ ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ಸಂಸ್ಥಾನ. ಇಂದಿನ ನಮ್ಮ ಕಲಬುರಗಿ, ಬೀದರ್, ರಾಯಚೂರು ಕೂಡ ಅದೇ ಸಂಸ್ಥಾನದ ಭಾಗವಾಗಿದ್ದವು. ರಹೀಂ ಓದಿದ್ದು ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿನ ಫುಟ್ಬಾಲ್ ತಂಡಕ್ಕೂ ಆಡಿದರು. ಓದು ಮುಗಿದ ಮೇಲೆ ಹಿಡಿದದ್ದು ಮಾಸ್ಟ್ರಿಕೆ. ಕಾಚಿಗುಡ ಮಿಡ್ಲ್ ಸ್ಕೂಲ್, ಉರ್ದು ಷರೀಫ್ ಸ್ಕೂಲ್, ದಾರುಲ್ ಉಲೂಂ ಹೈಸ್ಕೂಲ್, ಚಂಚಲಗುಡ ಹೈಸ್ಕೂಲ್ ಹೀಗೆ ಒಂದೊಂದೇ ಶಾಲೆಯಲ್ಲಿ ಪಾಠ ಮಾಡಿದರು. ನಡುವೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿಕೊಂಡು, ಕೊನೆಯ ಎರಡು ಶಾಲೆಗಳಲ್ಲಿ ಆಟೋಟಗಳ ಹೊಣೆಯನ್ನೂ ಹೊತ್ತರು.

ಈ ಶಾಲೆಗಳ ಪಟ್ಟಿಯನ್ನು ಸುಮ್ಮನೆ ಹೇಳಿದ್ದಲ್ಲ. ನಾಳೆ ದೇಶದ ತಂಡವನ್ನು ಒಲಿಂಪಿಕ್ಸ್‌ಗೆ ಕರೆದೊಯ್ಯಲಿರುವ ವ್ಯಕ್ತಿಯ ತರಬೇತಿ ಶುರುವಾದದ್ದು ಅಲ್ಲೇ. ತರಗತಿಯಲ್ಲಿ ನಲ್ವತ್ತು ಮಕ್ಕಳಿದ್ದರೆ ನಲ್ವತ್ತೂ ಬೇರೆ ಬೇರೆ. ಒಬ್ಬನಿಗೆ ಗದರಿಸಿದರೆ ಕೆಲಸ ಆಗ್ತದೆ, ಇನ್ನೊಬ್ಬನಿಗೆ ಗದರಿಸಿದರೆ ಅವನು ಮುದುಡಿ ಹೋಗ್ತಾನೆ. ಒಬ್ಬ ಬೆಳಗ್ಗೆ ತಿಂಡಿ ತಿಂದು ಬಂದಿರ್ತಾನೆ, ಇನ್ನೊಬ್ಬ ಹಸಿದುಕೊಂಡೇ ಬಂದಿರ್ತಾನೆ. ಇದನ್ನೆಲ್ಲ ಮುಖ ನೋಡಿಯೇ ಅರಿಯುವುದು ಮಾಸ್ಟ್ರುಗಳಿಗೆ ಅಭ್ಯಾಸ. ರಹೀಂ ಮುಂದೆ ಆಟಗಾರರನ್ನು ನಡೆಸಿಕೊಂಡದ್ದೂ ಹೀಗೆಯೇ ಅಂತ ಅವರ ಕೈಕೆಳಗೆ ಆಡಿದವರು ಮುದುಕರಾದ ಮೇಲೂ ನೆನಪಿಸಿಕೊಳ್ಳುತ್ತಿದ್ದರು. ಶಿಸ್ತಿನ ವಿಷಯದಲ್ಲಿ ರಾಜಿ ಇಲ್ಲ, ಆದರೆ ಮಕ್ಕಳ ಮೇಲಿನ ಅಕ್ಕರೆಗೂ ಮಿತಿ ಇಲ್ಲ. ಅವರೆಲ್ಲರ ಬಾಯಲ್ಲೂ ಅವರು ರಹೀಂ ಸಾಬ್.

1943ರಲ್ಲಿ ರಹೀಂ ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಹೈದರಾಬಾದಿನಲ್ಲಿ ಆ ಹೊತ್ತಿಗೆ ಫುಟ್ಬಾಲಿಗೆ ನೆಲ ಹದವಾಗಿತ್ತು. ಅದೇ 1943ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡ ನಮ್ಮ ಬೆಂಗಳೂರಿನಲ್ಲಿ ನಡೆದ ಆಶ್ ಗೋಲ್ಡ್ ಕಪ್‌ನಲ್ಲಿ ಬ್ರಿಟಿಷರ ರಾಯಲ್ ಏರ್‌ಫೋರ್ಸ್ ತಂಡವನ್ನು ಸೋಲಿಸಿ ಹೆಸರು ಮಾಡಿತ್ತು. ಇಂಗ್ಲೆಂಡಿನ ಪ್ರಸಿದ್ಧ ಆಟಗಾರ ಡೆನಿಸ್ ಕಾಂಪ್ಟನ್ ಆ ಸೋತ ತಂಡದಲ್ಲಿದ್ದರು. ಆದರೆ ಒಂದು ಗೆಲುವಿನಿಂದ ಒಂದು ಊರಿನ ಆಟ ಉಳಿಯುವುದಿಲ್ಲ, ಕೆಳಗಿನಿಂದ ಮಕ್ಕಳು ಬರ್ತಾ ಇರಬೇಕು. ಕಾರ್ಯದರ್ಶಿಯ ಕುರ್ಚಿಯಲ್ಲಿ ಕೂತ ಮಾಸ್ಟ್ರು ಮೊದಲು ಕೈ ಹಾಕಿದ್ದು ಅದಕ್ಕೇ.

ಎಡಗಾಲಿನ ಟೂರ್ನಮೆಂಟ್

ನಮ್ಮಲ್ಲಿ ಮಕ್ಕಳ ಟೂರ್ನಮೆಂಟ್ ಅಂದರೆ ದೊಡ್ಡವರ ಟೂರ್ನಮೆಂಟಿನ ಚಿಕ್ಕ ರೂಪ. ಅದೇ ನಿಯಮ, ಅದೇ ಗಲಾಟೆ, ಅದೇ ಟ್ರೋಫಿ. ರಹೀಂ ಮಾಡಿದ್ದು ಬೇರೆ. ಅವರು ಮಕ್ಕಳಿಗಾಗಿ ನಡೆಸಿದ ಟೂರ್ನಮೆಂಟುಗಳ ನಿಯಮದೊಳಗೇ ಪಾಠ ಅಡಗಿತ್ತು.

ಒಂದು ಟೂರ್ನಮೆಂಟಿನಲ್ಲಿ ಡ್ರಿಬ್ಲಿಂಗ್ ಮಾಡುವ ಹಾಗಿಲ್ಲ. ಚೆಂಡು ಸಿಕ್ಕಿದ ಹುಡುಗ ಅದನ್ನು ಕಾಲಲ್ಲೇ ಇಟ್ಟುಕೊಂಡು ನಾಲ್ಕು ಜನರನ್ನು ದಾಟಿಸಿ ಶಭಾಷ್ ಅನಿಸಿಕೊಳ್ಳುವ ದಾರಿಯೇ ಬಂದ್. ಕೂಡಲೇ ಪಾಸ್ ಕೊಡಬೇಕು. ಕೂಡಲೇ ಕೊಡಬೇಕಾದರೆ ಚೆಂಡು ಬರುವ ಮೊದಲೇ ತಲೆ ಎತ್ತಿ ಯಾರು ಎಲ್ಲಿದ್ದಾರೆ ಅಂತ ನೋಡಿಟ್ಟಿರಬೇಕು. ಚೆಂಡಿಲ್ಲದ ಹುಡುಗರು ಸುಮ್ಮನೆ ನಿಂತರೆ ಆಟವೇ ನಡೆಯುವುದಿಲ್ಲ, ಅವರೂ ಖಾಲಿ ಜಾಗಕ್ಕೆ ಓಡುತ್ತಿರಬೇಕು. ಹೀಗೆ ಒಂದೇ ಒಂದು ನಿಯಮದಿಂದ ಹನ್ನೊಂದೂ ಮಕ್ಕಳು ಆಟದೊಳಗೆ ಬಂದರು.

ಇನ್ನೊಂದು ಟೂರ್ನಮೆಂಟಿನಲ್ಲಿ ಬಲವಿಲ್ಲದ ಕಾಲಿನಿಂದ ಮಾತ್ರ ಒದೆಯಬೇಕು. ಬಲಗಾಲಿನವನಿಗೆ ಎಡಗಾಲು, ಎಡಗಾಲಿನವನಿಗೆ ಬಲಗಾಲು. ಮೊದಮೊದಲು ಚೆಂಡು ಎಲ್ಲೆಲ್ಲಿಗೋ ಹೋಗ್ತದೆ, ನೋಡುವವರಿಗೆ ನಗು ಬರ್ತದೆ. ಒಂದೆರಡು ವರ್ಷ ಬಿಟ್ಟು ನೋಡಿದರೆ ಅದೇ ಹುಡುಗ ಎರಡೂ ಕಾಲಿನಲ್ಲಿ ಆಡಬಲ್ಲ. ಎದುರಿನ ಡಿಫೆಂಡರ್‌ಗೆ ಅವನು ಯಾವ ಕಡೆ ತಿರುಗ್ತಾನೆ ಅಂತ ಗೊತ್ತಾಗುವುದಿಲ್ಲ. ಮತ್ತೊಂದು ಬಗೆಯಲ್ಲಿ ವಯಸ್ಸಿನ ಬದಲು ಎತ್ತರಕ್ಕೆ ಮಿತಿ. ನಿಗದಿತ ಎತ್ತರ ಮೀರಿದವರಿಗೆ ಪ್ರವೇಶ ಇಲ್ಲ. ಜನನ ಪ್ರಮಾಣಪತ್ರಗಳೇ ಇಲ್ಲದಿದ್ದ ಕಾಲದಲ್ಲಿ ವಯಸ್ಸಿನ ಮೋಸ ತಡೆಯಲು ಇದಕ್ಕಿಂತ ಸುಲಭದ ಉಪಾಯ ಬೇರೆ ಇಲ್ಲ. ಮೇಲಾಗಿ ಕುಳ್ಳಗಿನ, ಸಣಕಲು ಹುಡುಗರಿಗೂ ತಮ್ಮಂಥವರ ಜೊತೆ ಆಡುವ ಅವಕಾಶ ಸಿಕ್ಕಿತು.

ಇದಕ್ಕೆಲ್ಲ ದೊಡ್ಡ ದುಡ್ಡು ಬೇಕಾಗಲಿಲ್ಲ. ಒಂದು ಚೆಂಡು, ಒಂದು ಮೈದಾನ, ಮತ್ತು ಮಕ್ಕಳ ಬಗ್ಗೆ ರಾತ್ರಿ ಕೂತು ಯೋಚಿಸುವ ಒಬ್ಬ ಮನುಷ್ಯ ಇದ್ದರೆ ಸಾಕಿತ್ತು. ಚಿಕ್ಕ ಚಿಕ್ಕ ಪಾಸ್‌ಗಳಲ್ಲಿ ಚೆಂಡನ್ನು ನೆಲದ ಮೇಲೇ ಸಾಗಿಸುವ ಹೈದರಾಬಾದಿನ ಆಟ ಮುಂದೆ ದೇಶಕ್ಕೆಲ್ಲ ಪರಿಚಿತವಾಯಿತು. ಅದರ ಬೇರು ಈ ಮಕ್ಕಳ ಟೂರ್ನಮೆಂಟುಗಳಲ್ಲಿತ್ತು.

ಒಂದು ರೂಪಾಯಿಯ ಸೈಕಲ್ ಬಾಡಿಗೆ

ಸಿಕಂದರಾಬಾದಿನ ಹತ್ತಿರ ಅಮ್ಮುಗುಡ ಅಂತ ಒಂದು ಹಳ್ಳಿ. ಅಲ್ಲಿನ ಬಡ ತಮಿಳು ಕುಟುಂಬದ ಹುಡುಗ ತುಳಸಿದಾಸ್ ಬಲರಾಂ. ಬೂಟು ಕೊಳ್ಳುವ ಶಕ್ತಿ ಮನೆಯಲ್ಲಿ ಇರಲಿಲ್ಲ. ಪೊಲೀಸರು ಬಿಟ್ಟ ಹಳೇ ಬೂಟಿನ ಚರ್ಮದಿಂದ ಚಮ್ಮಾರರೊಬ್ಬರು ಹೊಲಿದುಕೊಟ್ಟದ್ದೇ ಅವನ ಮೊದಲ ಫುಟ್ಬಾಲ್ ಬೂಟು. ಈ ಹುಡುಗನ ಆಟ ರಹೀಂ ಕಣ್ಣಿಗೆ ಬಿತ್ತು. ಹೈದರಾಬಾದಿಗೆ ತರಬೇತಿಗೆ ಬಾ ಅಂತ ಕರೆದರು. ಹುಡುಗನಿಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಸಿಕಂದರಾಬಾದಿನಿಂದ ಹೈದರಾಬಾದಿಗೆ ದಿನಾ ಹೋಗಿ ಬರಲು ಕೈಯಲ್ಲಿ ಕಾಸಿಲ್ಲ. ಹಾಗಂತ ಬಾಯಿ ಬಿಟ್ಟು ಹೇಳಿಯೂ ಬಿಟ್ಟ.

ಅದಕ್ಕೆ ರಹೀಂ ಉಪದೇಶ ಕೊಡಲಿಲ್ಲ. ಸೈಕಲ್ ಬಾಡಿಗೆಗೆ ಅಂತ ದಿನಕ್ಕೆ ಒಂದು ರೂಪಾಯಿ ಕೊಡುವುದಾಗಿ ಒಪ್ಪಿಕೊಂಡರು. ಹುಡುಗ ಬಾಡಿಗೆ ಸೈಕಲ್ ತುಳಿದುಕೊಂಡು ಬಂದ. ಸ್ವಲ್ಪ ಕಾಲದಲ್ಲೇ ಹೈದರಾಬಾದ್ ತಂಡ ಸೇರಿದ. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಹಂಗೆರಿಯಂಥ ಬಲಿಷ್ಠ ತಂಡದ ವಿರುದ್ಧವೂ ಗೋಲು ಹೊಡೆದ. ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ಬಲರಾಂ ಈ ಮೂವರನ್ನು ಭಾರತದ ಫುಟ್ಬಾಲ್ ಕಂಡ ಅತಿ ಶ್ರೇಷ್ಠ ತ್ರಿವಳಿ ಅಂತ ಇವತ್ತಿಗೂ ಹೇಳ್ತಾರೆ. 2023ರ ಫೆಬ್ರವರಿಯಲ್ಲಿ ತೀರಿಹೋಗುವವರೆಗೂ ಬಲರಾಂ ಅವರು ರಹೀಂ ಸಾಹೇಬರ ಆ ಒಂದು ರೂಪಾಯಿಯನ್ನು ಮರೆಯಲಿಲ್ಲ.

ಸಮಾಜಸೇವೆ ಅಂದರೆ ನಮಗೆ ದೊಡ್ಡ ಸಭೆ, ಬ್ಯಾನರು, ಸನ್ಮಾನದ ಶಾಲು ನೆನಪಾಗ್ತದೆ. ಒಬ್ಬ ಹುಡುಗ ಮೈದಾನಕ್ಕೆ ಯಾಕೆ ಬರ್ತಾ ಇಲ್ಲ ಅಂತ ವಿಚಾರಿಸಿ, ಕಾರಣ ತಿಳಿದು, ಆ ಕಾರಣವನ್ನಷ್ಟೇ ಸದ್ದಿಲ್ಲದೆ ನಿವಾರಿಸುವುದು ಕೂಡ ಸಮಾಜಸೇವೆಯೇ. ಹುಡುಗ ಮುಸ್ಲಿಮನೋ ಹಿಂದೂವೋ ಕ್ರೈಸ್ತನೋ ಅಂತ ರಹೀಂ ನೋಡಲಿಲ್ಲ. ಹೈದರಾಬಾದಿನ ಮೈದಾನಗಳಲ್ಲಿ ಬೆಳೆದ ಬಲರಾಂ, ಪೀಟರ್ ತಂಗರಾಜ್, ನೂರ್ ಮುಹಮ್ಮದ್, ಯೂಸುಫ್ ಖಾನ್, ಝುಲ್ಫಿಕರುದ್ದೀನ್ ಈ ಹೆಸರುಗಳನ್ನು ಒಟ್ಟಿಗೆ ಓದಿದರೆ ಸಾಕು, ಬೇರೆ ವಿವರಣೆ ಬೇಡ.

ಪೊಲೀಸ್ ತಂಡದ ಸುವರ್ಣಯುಗ

1948ರಲ್ಲಿ ಹೈದರಾಬಾದ್ ಭಾರತದ ಒಕ್ಕೂಟಕ್ಕೆ ಸೇರಿತು. ಆ ದಿನಗಳು ಆ ನಾಡಿನ ಜನರಿಗೆ ಸುಲಭದ್ದಾಗಿರಲಿಲ್ಲ. ನೋವು, ಗುಮಾನಿ, ಅನಿಶ್ಚಿತತೆ ಎಲ್ಲವೂ ಇತ್ತು. ಅದರ ಬೆನ್ನಲ್ಲೇ, 1950ರಲ್ಲಿ, ರಹೀಂ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್ ಆದರು. ಅದೇ ವರ್ಷ ಆ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. 1951ರಲ್ಲಿ ಮತ್ತೆ, 1952ರಲ್ಲಿ ಮತ್ತೆ, 1953ರಲ್ಲಿ, 1954ರಲ್ಲಿ. ಸತತ ಐದು ವರ್ಷ! ಡ್ಯುರಾಂಡ್ ಕಪ್ ಕೂಡ 1950ರಲ್ಲೇ ಹೈದರಾಬಾದಿಗೆ ಬಂತು, ಆಮೇಲೆಯೂ ರಹೀಂ ಕಾಲದಲ್ಲಿ ಹಲವು ಬಾರಿ ಬಂತು. ಫುಟ್ಬಾಲ್ ಅಂದರೆ ಕಲ್ಕತ್ತಾ ಅನ್ನುವ ಕಾಲ ಅದು. ಮೋಹನ್ ಬಗಾನ್, ಈಸ್ಟ್ ಬೆಂಗಾಲ್‌ಗಳ ಎದುರು ದಕ್ಷಿಣದ ಒಂದು ಪೊಲೀಸ್ ತಂಡ ಎದೆಯುಬ್ಬಿಸಿ ನಿಂತಿತು. ದೇಶದ ಯಾವ ಮೂಲೆಗೆ ಹೋದರೂ ಹೈದರಾಬಾದಿನವರು ಅಂದರೆ ಜನ ಗೌರವದಿಂದ ನೋಡುವ ಹಾಗಾಯಿತು.

ಪೊಲೀಸ್ ತಂಡ ಸೇರಿದ ಹುಡುಗನಿಗೆ ಸಿಗುತ್ತಿದ್ದದ್ದು ಬರೇ ಜೆರ್ಸಿ ಅಲ್ಲ, ಸರಕಾರಿ ನೌಕರಿ. ಮನೆಯಲ್ಲಿ ಒಲೆ ಉರಿಯುವ ಖಾತ್ರಿ. ಆಟದಿಂದ ಹೊಟ್ಟೆ ತುಂಬ್ತದೆ ಅಂತ ಕಂಡಾಗ ತಂದೆತಾಯಿಯರೂ ಮಕ್ಕಳನ್ನು ಮೈದಾನಕ್ಕೆ ಕಳಿಸಿದರು. ಹೈದರಾಬಾದಿನ ಗಲ್ಲಿಗಳಿಂದ ಅಷ್ಟು ಆಟಗಾರರು ಬಂದದ್ದಕ್ಕೆ ಇದೂ ಒಂದು ಕಾರಣ.

ದೆಹಲಿಯ ಚಿನ್ನ, ಹೆಲ್ಸಿಂಕಿಯ ಪಾಠ

ಮೊಟ್ಟಮೊದಲ ಏಷ್ಯನ್ ಗೇಮ್ಸ್ 1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ನಡೆಯಿತು. ಫುಟ್ಬಾಲ್ ತಂಡದ ಹೊಣೆ ರಹೀಂ ಹೆಗಲಿಗೆ ಬಂತು. ಕ್ಯಾಪ್ಟನ್ ಬಂಗಾಳದ ಶೈಲೇನ್ ಮನ್ನಾ. ಇಂಡೋನೇಷ್ಯಾವನ್ನು 3-0, ಅಫ್ಘಾನಿಸ್ತಾನವನ್ನು 3-0, ಫೈನಲ್‌ನಲ್ಲಿ ಇರಾನನ್ನು 1-0ಯಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಫೈನಲಿನ ಗೋಲು ಸಾಹೂ ಮೇವಾಲಾಲ್ ಅವರದ್ದು. ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಕೂಡ ಆ ಕಾಲದ ತಂಡದ ಮುಖ್ಯ ಆಟಗಾರ. ಚೆಂಡಿನ ಮೇಲೆ ಅವರ ಹಿಡಿತ ನೋಡಿ ಜನ ಅವರನ್ನು ಹಾವಾಡಿಗನಿಗೆ ಹೋಲಿಸುತ್ತಿದ್ದರು.

ಮರುವರ್ಷವೇ ಪೆಟ್ಟು ಬಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯದ ಎದುರು ಭಾರತ 1-10ರಿಂದ ಸೋತಿತು. ಭಾರತದ ಒಂದೇ ಗೋಲು ಅಹ್ಮದ್ ಖಾನ್ ಅವರದ್ದು. ಚಳಿಯ ನಾಡಿನಲ್ಲಿ ನಮ್ಮ ಹಲವು ಆಟಗಾರರು ಬರಿಗಾಲಿನಲ್ಲೇ ಆಡಿದ್ದರು. ಆ ಸೋಲಿನ ನಂತರವೇ ಬೂಟು ಹಾಕಿ ಆಡುವುದು ದೇಶದಲ್ಲಿ ಕಡ್ಡಾಯವಾಯಿತು.

ಹತ್ತು ಗೋಲಿನ ಸೋಲು ಕಂಡ ಕೋಚ್ ಬೇರೆ ಯಾರಾದರೂ ಆಗಿದ್ದರೆ ಮೂಲೆ ಹಿಡಿದು ಕೂತಿರುತ್ತಿದ್ದರೋ ಏನೋ. ರಹೀಂ ಕಲಿಯಲು ಕೂತರು. ಆ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಹಂಗೆರಿಯ ತಂಡ ಹೊಸ ಬಗೆಯ ಆಟ ಆಡುತ್ತಿತ್ತು. ಅದರ ಸೆಂಟರ್ ಫಾರ್ವರ್ಡ್ ಗೋಲಿನ ಮುಂದೆ ಕಾದು ನಿಲ್ಲುವುದಿಲ್ಲ, ಸ್ವಲ್ಪ ಹಿಂದಕ್ಕೆ ಇಳಿದು ಆಡ್ತಾನೆ. ಅವನ ಬೆನ್ನು ಹತ್ತಿ ಎದುರಾಳಿ ಡಿಫೆಂಡರ್ ಮುಂದೆ ಬಂದರೆ ಹಿಂದೆ ಜಾಗ ಖಾಲಿ, ಬಾರದಿದ್ದರೆ ಇವನು ಆರಾಮವಾಗಿ ಚೆಂಡು ಹಂಚ್ತಾನೆ. ಈ ಉಪಾಯವನ್ನು ರಹೀಂ ನಮ್ಮ ಹುಡುಗರ ಶಕ್ತಿಗೆ ಹೊಂದಿಸಿ ಕಲಿಸಿದರು. ಯುರೋಪಿನಲ್ಲಿ ಓದಿ ಬಂದ ಕೋಚ್ ಅವರಲ್ಲ, ಶಾಲೆಯ ಮಾಸ್ಟ್ರು. ಆದರೆ ಕಲಿಯುವುದನ್ನು ಅವರು ನಿಲ್ಲಿಸಲೇ ಇಲ್ಲ.

ಮೆಲ್ಬರ್ನ್‌ನಲ್ಲಿ ನಾಲ್ಕನೇ ಸ್ಥಾನ

ನಾಲ್ಕು ವರ್ಷದ ನಂತರ 1956ರ ಮೆಲ್ಬರ್ನ್ ಒಲಿಂಪಿಕ್ಸ್. ಕ್ಯಾಪ್ಟನ್ ಸಮರ್ 'ಬದ್ರು' ಬ್ಯಾನರ್ಜಿ. ತಂಡದಲ್ಲಿ ಹೈದರಾಬಾದಿನ ಹುಡುಗರ ದಂಡೇ ಇತ್ತು. ಬೆಂಗಳೂರಿನ ಕೆಂಪಯ್ಯ ಇದ್ದರು. ನಮ್ಮ ನೆರೆಯ ಕೋಝಿಕ್ಕೋಡಿನ ರಹ್ಮಾನ್ ಇದ್ದರು. ಮಲಬಾರಿನ ಜನ ಮುಂದೆ ಅವರನ್ನು ಬದುಕಿಡೀ ಒಲಿಂಪಿಯನ್ ರಹ್ಮಾನ್ ಅಂತಲೇ ಕರೆದರು. ಗೋವಾದ ಅಸ್ಸಗಾವ್ ಮೂಲದ ನೆವಿಲ್ ಡಿಸೋಜ ಇದ್ದರು.

ಡಿಸೆಂಬರ್ 1ರಂದು ಆತಿಥೇಯ ಆಸ್ಟ್ರೇಲಿಯಾವನ್ನು ಅವರದ್ದೇ ನೆಲದಲ್ಲಿ ಭಾರತ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್ಬಾಲಿನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಏಷ್ಯನ್ ಅವರೇ. ಸೆಮಿಫೈನಲಿನಲ್ಲಿ ಎದುರಿಗೆ ಬಂದದ್ದು ಅದೇ ಯುಗೊಸ್ಲಾವಿಯ. ಮೊದಲ ಗೋಲು ಹೊಡೆದದ್ದು ಭಾರತ! ಕೊನೆಗೆ 1-4ರಿಂದ ಸೋತರೂ, ಹತ್ತು ಗೋಲು ತಿಂದ ತಂಡ ನಾಲ್ಕೇ ವರ್ಷದಲ್ಲಿ ಅದೇ ಎದುರಾಳಿಯನ್ನು ಸ್ವಲ್ಪ ಹೊತ್ತಾದರೂ ಹಿಂದೆ ಹಾಕಿತ್ತು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಕ್ಕೆ 0-3ರಿಂದ ಸೋತು ಭಾರತ ನಾಲ್ಕನೇ ಸ್ಥಾನ ಪಡೆಯಿತು. ಒಲಿಂಪಿಕ್ಸ್ ಫುಟ್ಬಾಲಿನಲ್ಲಿ ಭಾರತ ಅದಕ್ಕಿಂತ ಮೇಲೆ ಇವತ್ತಿನವರೆಗೆ ಏರಿಲ್ಲ.

1960ರ ರೋಮ್‌ನಲ್ಲಿ ಗುಂಪಿನಲ್ಲಿದ್ದದ್ದು ಹಂಗೆರಿ, ಫ್ರಾನ್ಸ್, ಪೆರು. ಹಂಗೆರಿಗೆ 1-2ರಿಂದ ಸೋಲು, ಫ್ರಾನ್ಸ್ ಜೊತೆ 1-1 ಡ್ರಾ, ಪೆರುವಿಗೆ 1-3ರಿಂದ ಸೋಲು. ಮುಂದಿನ ಸುತ್ತಿಗೆ ಹೋಗಲು ಆಗಲಿಲ್ಲ. ಆದರೂ ಯುರೋಪಿನ ತಂಡಗಳ ಎದುರು ಸರಿಸಮ ನಿಂತು ಆಡಿದ ತಂಡ ಅದು. ಆ ತಂಡದಲ್ಲಿ ರಹೀಂ ಅವರ ಮಗ ಸೈಯದ್ ಶಾಹಿದ್ ಹಕೀಂ ಕೂಡ ಇದ್ದರು. ಕೋಚ್ ಸ್ವಂತ ತಂದೆ. ಆದರೂ ಮಗನಿಗೆ ಒಂದೇ ಒಂದು ಪಂದ್ಯ ಆಡಲು ಸಿಗಲಿಲ್ಲ. ಎರಡು ವರ್ಷದ ನಂತರ ಜಕಾರ್ತಾದ ತಂಡದಲ್ಲಂತೂ ಹೆಸರೇ ಇರಲಿಲ್ಲ. ನಮ್ಮಲ್ಲಿ ಕ್ಲಬ್ಬಿನ ಅಧ್ಯಕ್ಷರ ಮಗನಿಗೆ ಓಪನಿಂಗ್ ಬ್ಯಾಟಿಂಗ್ ಖಾಯಂ ಅನ್ನುವ ತಮಾಷೆ ಉಂಟಲ್ಲ, ರಹೀಂ ಸಾಹೇಬರ ಹತ್ತಿರ ಅದು ನಡೆಯಲಿಲ್ಲ.

ಜಕಾರ್ತಾ, 1962

ಇಷ್ಟು ಹೊತ್ತಿಗೆ ಅವರ ದೇಹ ಸೋಲತೊಡಗಿತ್ತು. ಸಿಗರೇಟಿನ ಚಟ ಬಹಳ ಇತ್ತು, ಶ್ವಾಸಕೋಶವನ್ನು ಕ್ಯಾನ್ಸರ್ ತಿನ್ನುತ್ತಿತ್ತು. ಆ ಸ್ಥಿತಿಯಲ್ಲೇ 1962ರ ಏಷ್ಯನ್ ಗೇಮ್ಸ್‌ಗೆ ತಂಡವನ್ನು ಕಟ್ಟಿದರು. ಚುನಿ ಗೋಸ್ವಾಮಿ ಕ್ಯಾಪ್ಟನ್. ಪಿ.ಕೆ. ಬ್ಯಾನರ್ಜಿ, ಬಲರಾಂ, ಜರ್ನೈಲ್ ಸಿಂಗ್, ಅರುಣ್ ಘೋಷ್, ತಂಗರಾಜ್, ಯೂಸುಫ್ ಖಾನ್, ಕೇರಳದ ಇರಿಂಞಾಲಕ್ಕುಡದ ಚಂದ್ರಶೇಖರನ್, ಬೆಂಗಳೂರಿನ ಅರುಮೈನಾಯಗಂ. ದೇಶದ ನಕಾಶೆಯೇ ಒಂದು ತಂಡವಾದ ಹಾಗೆ.

ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಕ್ಕೆ 0-2ರಿಂದ ಸೋಲು. ಆಮೇಲೆ ಥಾಯ್ಲೆಂಡನ್ನು 4-1ರಿಂದ, ಜಪಾನನ್ನು 2-0ಯಿಂದ ಸೋಲಿಸಿದರು. ಥಾಯ್ಲೆಂಡ್ ಪಂದ್ಯದಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಸೆಮಿಫೈನಲಿಗೆ ಏನು ಮಾಡುವುದು? ಹೊಲಿಗೆ ಹಾಕಿದ ತಲೆಯಲ್ಲಿ ಡಿಫೆನ್ಸ್ ಆಡುವುದು ಕಷ್ಟ, ಪ್ರತಿ ಚೆಂಡಿಗೂ ಹೆಡ್ ಮಾಡಬೇಕಾಗ್ತದೆ. ಹಾಗಂತ ಅಂಥ ಗಟ್ಟಿಗನನ್ನು ಹೊರಗಿಡುವುದೂ ಕಷ್ಟ. ರಹೀಂ ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿದರು! ಜರ್ನೈಲ್ ಹುಡುಗನಾಗಿದ್ದಾಗ ಆ ಜಾಗದಲ್ಲಿ ಆಡಿದ್ದು ಅವರಿಗೆ ಗೊತ್ತಿತ್ತು. ದಕ್ಷಿಣ ವಿಯೆಟ್ನಾಂ ವಿರುದ್ಧದ ಸೆಮಿಫೈನಲನ್ನು ಭಾರತ 3-2ರಿಂದ ಗೆದ್ದಿತು, ಒಂದು ಗೋಲು ಜರ್ನೈಲ್ ಸಿಂಗರದ್ದೇ.

ಸೆಪ್ಟೆಂಬರ್ 4ರಂದು ಫೈನಲ್, ಮತ್ತೆ ದಕ್ಷಿಣ ಕೊರಿಯದ ಎದುರು. ಆ ಹೊತ್ತಿಗೆ ಜಕಾರ್ತಾದಲ್ಲಿ ಭಾರತೀಯರ ಮೇಲೆ ಜನ ಕೆರಳಿದ್ದರು. ಇಸ್ರೇಲ್ ಮತ್ತು ತೈವಾನಿನ ಆಟಗಾರರಿಗೆ ಇಂಡೋನೇಷ್ಯಾ ವೀಸಾ ಕೊಟ್ಟಿರಲಿಲ್ಲ. ಅದನ್ನು ಭಾರತದ ಕ್ರೀಡಾ ಅಧಿಕಾರಿ ಜಿ.ಡಿ. ಸೊಂಧಿ ಬಹಿರಂಗವಾಗಿ ಆಕ್ಷೇಪಿಸಿದ್ದರು. ಅದರ ಸಿಟ್ಟು ಬಂದು ಬಿದ್ದದ್ದು ಆಟಗಾರರ ಮೇಲೆ. ಬಸ್ಸಿನಿಂದ ಭಾರತದ ಧ್ವಜ ತೆಗೆದು ಓಡಾಡುವ ಪರಿಸ್ಥಿತಿ. ಸ್ಟೇಡಿಯಂನಲ್ಲಿ ಸುಮಾರು ಒಂದು ಲಕ್ಷ ಜನ, ಬಹುಪಾಲು ಜನರದ್ದು ಭಾರತದ ವಿರುದ್ಧ ಕೂಗು. ಅಂಥ ಸ್ಟೇಡಿಯಂನಲ್ಲಿ ಭಾರತಕ್ಕಾಗಿ ಚಪ್ಪಾಳೆ ತಟ್ಟಿದವರು ಪಾಕಿಸ್ತಾನದ ಹಾಕಿ ಆಟಗಾರರು ಅಂತ ನಮ್ಮ ಆಟಗಾರರು ಆಮೇಲೆ ವರ್ಷಗಟ್ಟಲೆ ನೆನೆದರು. ಹಿಂದಿನ ದಿನವಷ್ಟೇ ಹಾಕಿ ಫೈನಲಿನಲ್ಲಿ ಅವರು ಭಾರತವನ್ನು ಸೋಲಿಸಿದ್ದರು.

ಹಿಂದಿನ ರಾತ್ರಿ ಆಟಗಾರರಿಗೆ ನಿದ್ದೆ ಹತ್ತಿರಲಿಲ್ಲ. ರಹೀಂ ಸಾಹೇಬರು ಹುಡುಗರನ್ನು ಹತ್ತಿರ ಕರೆದು, ಉದ್ದ ಭಾಷಣ ಮಾಡದೆ, ತನಗೊಂದು ಉಡುಗೊರೆ ಬೇಕು, ಆ ಚಿನ್ನ ಬೇಕು ಅಂತ ಕೇಳಿಕೊಂಡರು ಅಂತ ಆ ತಂಡದವರು ಹೇಳುತ್ತಿದ್ದರು. ಹತ್ತಾರು ವರ್ಷ ಹುಡುಗರಿಗೆ ಕೊಡುತ್ತಲೇ ಬಂದ ಮಾಸ್ಟ್ರು ಮೊದಲ ಬಾರಿ ಕೈ ಚಾಚಿ ಕೇಳಿದ್ದು. ಯಾವ ಹುಡುಗ ತಾನೇ ಇಲ್ಲ ಅಂದಾನು?

ಜ್ವರದಿಂದ ಸೆಮಿಫೈನಲ್ ತಪ್ಪಿಸಿಕೊಂಡಿದ್ದ ಎತ್ತರದ ಗೋಲ್‌ಕೀಪರ್ ತಂಗರಾಜ್ ಫೈನಲಿಗೆ ಬಂದು ನಿಂತರು. ತ್ರಿಲೋಕ್ ಸಿಂಗ್ ಕಾಲ್ಬೆರಳಿನ ಗಾಯ ನುಂಗಿಕೊಂಡು ಆಡಿದರು. ತಲೆಗೆ ಬ್ಯಾಂಡೇಜ್ ಸುತ್ತಿಕೊಂಡು ಜರ್ನೈಲ್ ಸಿಂಗ್ ಮುಂದೆ ನಿಂತರು. ಮೊದಲ ಇಪ್ಪತ್ತು ನಿಮಿಷದೊಳಗೆ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಸಿಂಗ್ ಒಂದು ಗೋಲು ಹೊಡೆದರು. ಕೊರಿಯ ಕೊನೆಯ ಹೊತ್ತಿಗೆ ಒಂದು ಗೋಲು ತಿರುಗಿಸಿತು. 2-1. ಚಿನ್ನ ಭಾರತಕ್ಕೆ.

ಮಾಸ್ಟ್ರು ಹೋದ ಮೇಲೆ

ಆ ಚಿನ್ನ ಗೆದ್ದ ಮೇಲೆ ರಹೀಂ ಒಂದು ವರ್ಷವೂ ಬದುಕಲಿಲ್ಲ. 1963ರ ಜೂನ್ 11ರಂದು ತೀರಿಕೊಂಡರು. ವಯಸ್ಸು ಬರೇ 53. ಸಿಗರೇಟು ಸ್ಟೈಲ್ ಅಂತ ನೆನೆಸುವ ನಮ್ಮ ಹುಡುಗರು ಈ ಒಂದು ವಾಕ್ಯವನ್ನು ಎರಡು ಸಲ ಓದಬೇಕು.

ಕೋಚ್‌ಗಳಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದದ್ದೇ 1985ರಲ್ಲಿ. ರಹೀಂ ಅವರಿಗೆ ಅದು ಸಿಗುವ ಪ್ರಶ್ನೆಯೇ ಇರಲಿಲ್ಲ. ಅವರ ಗುರುತು ಉಳಿದದ್ದು ಶಿಷ್ಯರಲ್ಲಿ. ಪಿ.ಕೆ. ಬ್ಯಾನರ್ಜಿ ಮುಂದೆ ತಾವೇ ದೊಡ್ಡ ಕೋಚ್ ಆದರು, ರಹೀಂ ಸಾಹೇಬರೇ ತನ್ನ ಗುರು ಅಂತ ಕೊನೆಯವರೆಗೂ ಹೇಳಿಕೊಂಡರು. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ ತಂಡದ ಕ್ಯಾಪ್ಟನ್ ಹೈದರಾಬಾದಿನ ಸೈಯದ್ ನಯೀಮುದ್ದೀನ್. ಅದೇ ತಂಡದಲ್ಲಿ ಹೈದರಾಬಾದಿನ ಮುಹಮ್ಮದ್ ಹಬೀಬ್ ಕೂಡ ಇದ್ದರು. ಮಗ ಹಕೀಂ ವಾಯುಸೇನೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆದರು, ಫಿಫಾ ರೆಫ್ರಿಯಾದರು, ಕೋಚ್ ಆದರು, 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಪಡೆದರು. ಅವರು ಕೊನೆಯುಸಿರೆಳೆದದ್ದು ನಮ್ಮ ಕಲಬುರಗಿಯಲ್ಲಿ, 2021ರ ಆಗಸ್ಟ್ 22ರಂದು.

ಆದರೆ ಲೆಕ್ಕ ನೋಡಿ. 1960ರ ನಂತರ ಭಾರತದ ಪುರುಷರ ಫುಟ್ಬಾಲ್ ತಂಡ ಒಲಿಂಪಿಕ್ಸ್‌ಗೆ ಹೋಗಲಿಲ್ಲ. 1970ರ ಕಂಚಿನ ನಂತರ ಏಷ್ಯನ್ ಗೇಮ್ಸ್‌ನಲ್ಲಿ ಮೆಡಲ್ ಇಲ್ಲ. ಒಂದು ಕಾಲದಲ್ಲಿ ದೇಶದ ತಂಡಕ್ಕೆ ಸಾಲು ಸಾಲು ಆಟಗಾರರನ್ನು ಕೊಟ್ಟ ಹೈದರಾಬಾದ್ ನಿಧಾನಕ್ಕೆ ಬರಿದಾಯಿತು. ಇದಕ್ಕೆ ಕಾರಣಗಳು ಹಲವು. ಒಂದು ಕಾರಣವಂತೂ ಕಣ್ಣಿಗೆ ಕಾಣ್ತದೆ: ಎಡಗಾಲಿನ ಟೂರ್ನಮೆಂಟ್ ನಡೆಸುವ, ಸೈಕಲ್ ಬಾಡಿಗೆ ಕೊಡುವ ಮಾಸ್ಟ್ರು ಹೋದ ಮೇಲೆ ಆ ಕೆಲಸವನ್ನು ಕೈಗೆತ್ತಿಕೊಳ್ಳುವ ವ್ಯವಸ್ಥೆಯನ್ನು ಯಾರೂ ಕಟ್ಟಲಿಲ್ಲ. ಕಪ್ ಗೆದ್ದಾಗ ಎಲ್ಲರೂ ಇದ್ದರು, ಮಕ್ಕಳ ಹತ್ತಿರ ಯಾರೂ ಉಳಿಯಲಿಲ್ಲ.

ನಮ್ಮ ಮೈದಾನಗಳಿಗೆ

ನಮ್ಮ ಕರಾವಳಿಯಲ್ಲಿ ಆಟದ ಹುಚ್ಚಿಗೆ ಕಡಿಮೆ ಇಲ್ಲ. ಕಾಸರಗೋಡಿನ ಮೊಗ್ರಾಲಿನಂಥ ಊರುಗಳಲ್ಲಿ ಫುಟ್ಬಾಲ್ ಅಂದರೆ ಮನೆಮಾತು. ಮಲಬಾರಿನ ಸೆವೆನ್ಸ್ ಪಂದ್ಯಗಳಿಗೆ ರಾತ್ರಿಯಿಡೀ ಜನ ಸೇರ್ತಾರೆ. ಗಲ್ಫ್‌ನಲ್ಲಿರುವ ನಮ್ಮವರು ವಾರದ ರಜೆಯಲ್ಲೂ ಟೂರ್ನಮೆಂಟ್ ಮಾಡ್ತಾರೆ, ಊರಿನ ಕ್ಲಬ್ಬಿಗೆ ದುಡ್ಡೂ ಕಳಿಸ್ತಾರೆ. ಪ್ರೀತಿ ಉಂಟು, ಹಣ ಉಂಟು, ಹುರುಪು ಉಂಟು. ಒಂದು ರಾತ್ರಿಯ ಟೂರ್ನಮೆಂಟಿಗೆ ಲೈಟು, ಮೈಕು, ಟ್ರೋಫಿ, ಹೊರಗಿನಿಂದ ಕರೆಸಿದ ಆಟಗಾರರು ಅಂತ ಖರ್ಚು ಮಾಡುವ ಮೊತ್ತದಲ್ಲಿ ಸ್ವಲ್ಪ ಪಾಲನ್ನು ಹತ್ತು ವರ್ಷದ ಮಕ್ಕಳಿಗೆ ಎತ್ತಿಟ್ಟರೆ ಏನೆಲ್ಲ ಆಗಬಹುದು ಅಂತ ಯೋಚಿಸಬೇಕು.

ದೊಡ್ಡ ಅಕಾಡೆಮಿ ಬೇಕಾಗಿಲ್ಲ. ಸಂಜೆ ಮದ್ರಸವೂ ಶಾಲೆಯೂ ಬಿಟ್ಟ ಹೊತ್ತಿನಲ್ಲಿ ವಾರಕ್ಕೆ ಮೂರು ದಿನ ಮಕ್ಕಳ ಜೊತೆ ನಿಲ್ಲುವ ಒಬ್ಬರು ಬೇಕು. ಊರಿನ ದೈಹಿಕ ಶಿಕ್ಷಕರಾಗಿ ನಿವೃತ್ತರಾದವರು ಇರ್ತಾರೆ, ಯೂನಿವರ್ಸಿಟಿ ತಂಡದಲ್ಲಿ ಆಡಿ ಬಂದ ಹುಡುಗರು ಇರ್ತಾರೆ. ಅವರಿಗೆ ಮರ್ಯಾದೆಯ ಸಂಭಾವನೆ ಕೊಟ್ಟು ಹೊಣೆ ಒಪ್ಪಿಸಬಹುದು. ಬೂಟಿಲ್ಲದ ಮಗುವಿಗೆ ಬೂಟು, ಬಸ್ ಚಾರ್ಜಿಲ್ಲದವನಿಗೆ ಬಸ್ ಚಾರ್ಜು, ಅದನ್ನು ಫೋಟೋ ತೆಗೆದು ಹಾಕದೆ ಕೊಡಬಹುದು. ಹೆಣ್ಣುಮಕ್ಕಳಿಗೂ ಅವರದ್ದೇ ಹೊತ್ತು, ಅವರದ್ದೇ ಜಾಗ ಮಾಡಿಕೊಡಬಹುದು. ವರ್ಷಕ್ಕೊಮ್ಮೆ ಡ್ರಿಬ್ಲಿಂಗ್ ಇಲ್ಲದ, ಬಲವಿಲ್ಲದ ಕಾಲಿನಲ್ಲೇ ಆಡುವ ಒಂದು ಮಕ್ಕಳ ಟೂರ್ನಮೆಂಟ್ ಇಟ್ಟು ನೋಡಬಹುದು. ನಗು ಬರ್ತದೆ, ಬರಲಿ. ಎರಡು ವರ್ಷ ಕಾದು ನೋಡೋಣ.

ಇದರಲ್ಲಿ ಎಲ್ಲ ಮಕ್ಕಳೂ ದೇಶಕ್ಕೆ ಆಡಲಿಕ್ಕಿಲ್ಲ. ರಹೀಂ ಸಾಹೇಬರ ಕೈಯಲ್ಲಿ ಕಲಿತ ಮಕ್ಕಳೆಲ್ಲ ಒಲಿಂಪಿಕ್ಸ್‌ಗೆ ಹೋದದ್ದೂ ಇಲ್ಲ. ಹೆಚ್ಚಿನವರು ಪೊಲೀಸರಾಗಿ, ಗುಮಾಸ್ತರಾಗಿ, ಅಂಗಡಿಯವರಾಗಿ ಸಾಮಾನ್ಯ ಬದುಕು ಬದುಕಿದರು. ಆದರೆ ಸಂಜೆ ಹೊತ್ತು ಅವರು ಮೈದಾನದಲ್ಲಿದ್ದರು, ಕೆಟ್ಟ ಸಂಗಾತದಲ್ಲಿ ಇರಲಿಲ್ಲ. ಪಾಸ್ ಕೊಡುವುದನ್ನು, ಸೋತಾಗ ಎದ್ದು ನಿಲ್ಲುವುದನ್ನು, ಪಕ್ಕದವನ ಹೆಸರಿನಿಂದ ಅವನನ್ನು ಅಳೆಯದಿರುವುದನ್ನು ಕಲಿತರು. ಡ್ರಗ್ಸ್ ನಮ್ಮ ಊರಿನ ಬಾಗಿಲಿಗೇ ಬಂದು ನಿಂತಿರುವ ಈ ದಿನಗಳಲ್ಲಿ ಅದು ಚಿನ್ನಕ್ಕಿಂತ ಕಡಿಮೆಯದ್ದಲ್ಲ.

ನಿಮ್ಮ ಊರಿನಲ್ಲೂ ಸಿಳ್ಳೆ ಊದುತ್ತಾ ಮಕ್ಕಳ ಹಿಂದೆ ಓಡುವ ಒಬ್ಬ ಮಾಸ್ಟ್ರು ಇರಬಹುದು. ಅವರ ಹೆಸರು ಯಾವ ಬ್ಯಾನರಿನಲ್ಲೂ ಇರಲಿಕ್ಕಿಲ್ಲ. ಮುಂದಿನ ಟೂರ್ನಮೆಂಟಿನ ಲೆಕ್ಕ ಹಾಕುವ ಮೊದಲು ಅವರ ಹತ್ತಿರ ಹೋಗಿ, ಮಕ್ಕಳಿಗೆ ಎಂತ ಬೇಕು ಅಂತ ಒಂದು ಮಾತು ಕೇಳಿ.